ಎರಡು ಮೈಕ್, ಎರಡು ಕೇಬಲ್, ಒಂದೇ ಜೋಡಿ: ಸ್ಟೀರಿಯೋ ರೆಕಾರ್ಡಿಂಗ್ ವೈರಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಾಳಮದ್ದಳೆ, ಸಂಗೀತ ಕಛೇರಿ, ಭಜನೆ, ಹರಿಕಥೆ. ಇವನ್ನೆಲ್ಲ ಎರಡು ಮೈಕ್ ಇಟ್ಟು ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿಡಬೇಕು ಅನ್ನುವ ಆಸೆ ತುಂಬ ಜನರಿಗೆ ಇದೆ. ಮೈಕ್ ಯಾವುದು ತಗೊಳ್ಳಲಿ, ರೆಕಾರ್ಡರ್ ಯಾವುದು ಒಳ್ಳೇದು ಅಂತ ಮೊದಲೇ ವಿಚಾರಿಸುತ್ತಾರೆ. ಕೇಬಲ್ ಮಾತು ಬರುವುದು ಏನಾದರೂ ಎಡವಟ್ಟಾದ ಮೇಲೆ. ರೆಕಾರ್ಡಿಂಗ್ ಹಾಳಾಯಿತು ಅಂತ ಬೇಸರಪಡುವವರಲ್ಲಿ ಎಷ್ಟೋ ಜನರ ಮೈಕ್ ಸರಿಯಾಗೇ ಇರುತ್ತದೆ. ತಪ್ಪಿರುವುದು ಪ್ಲಗ್ಗಿನ ಒಳಗೆ. ರಾತ್ರಿಯಿಡೀ ನಡೆದ ಒಂದು ತಾಳಮದ್ದಳೆಯನ್ನು ಮರುದಿನ ಮತ್ತೆ ಮಾಡಿಸೋಕೆ ಆಗುವುದಿಲ್ಲ. ಹಾಗಾಗಿ ಈ ಪುಟ.

ಸ್ಟೀರಿಯೋ ರೆಕಾರ್ಡಿಂಗ್‌ಗೆ ಅಂತ ಬೇರೆ ಕೇಬಲ್ ಬೇಕಾ?

ಬೇಡ. ಎರಡು ಮೈಕ್ ಇದ್ದರೆ ಎರಡು ಮಾಮೂಲಿ ಮೈಕ್ ಕೇಬಲ್ ಸಾಕು. ಒಂದು ಎಡಕ್ಕೆ, ಒಂದು ಬಲಕ್ಕೆ. ಆದರೆ ಎರಡರ ಒಳಗಿನ ವೈರಿಂಗ್ ಒಂದೇ ಥರ ಇರಬೇಕು. ಒಂದೇ ಮೈಕ್ ಬಳಸುವಾಗ ಕೇಬಲ್‌ನ ಎಷ್ಟೋ ತಪ್ಪು ಗೊತ್ತೇ ಆಗುವುದಿಲ್ಲ. ಎರಡು ಮೈಕ್ ಸೇರಿದಾಗ ಅದೇ ತಪ್ಪು ಎದ್ದು ಕಾಣುತ್ತದೆ. ಅದಕ್ಕೇ ಎರಡನ್ನೂ ಒಂದು ಜೋಡಿ ಅಂತಲೇ ಇಟ್ಟುಕೊಳ್ಳಿ: ಒಟ್ಟಿಗೆ ಮಾಡಿ, ಒಟ್ಟಿಗೆ ಟೆಸ್ಟ್ ಮಾಡಿ, ಎರಡಕ್ಕೂ ಒಂದೇ ನಂಬರ್ ಬರೆದು ಒಂದಕ್ಕೆ ಕೆಂಪು ಟೇಪ್, ಇನ್ನೊಂದಕ್ಕೆ ನೀಲಿ ಟೇಪ್ ಸುತ್ತಿ.

ಎಕ್ಸ್‌ಎಲ್‌ಆರ್ ಪ್ಲಗ್‌ನಲ್ಲಿ, ಅಂದರೆ ಮೈಕ್ ಕೇಬಲ್‌ನ ದುಂಡು ಪ್ಲಗ್‌ನಲ್ಲಿ, ಮೂರು ಪಿನ್ ಯಾಕೆ?

ಪಿನ್ 1 ಶೀಲ್ಡ್, ಅಂದರೆ ಹೊರಗಿನ ಜಾಲರಿ. ಪಿನ್ 2 ಹಾಟ್ (ಪ್ಲಸ್), ಪಿನ್ 3 ಕೋಲ್ಡ್ (ಮೈನಸ್). ಮೈಕ್‌ನ ಸದ್ದು 2 ಮತ್ತು 3ರ ನಡುವಿನ ವ್ಯತ್ಯಾಸವಾಗಿ ಬರುತ್ತದೆ. ರೆಕಾರ್ಡರ್ ಈ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ದಾರಿಯಲ್ಲಿ ಹೊರಗಿನಿಂದ ಸೇರಿದ ಗದ್ದಲ ಎರಡೂ ವೈರ್‌ಗೆ ಒಂದೇ ಸಮನಾಗಿ ಸೇರಿರುತ್ತದೆ. ವ್ಯತ್ಯಾಸ ತೆಗೆದಾಗ ಅದು ಕಳೆದುಹೋಗುತ್ತದೆ. ಇದನ್ನೇ ಬ್ಯಾಲೆನ್ಸ್ಡ್ ಅನ್ನುವುದು. ಒಳಗಿನ ಎರಡು ವೈರ್ ಒಂದಕ್ಕೊಂದು ಹೆಣೆದುಕೊಂಡಿರುವುದೂ ಇದಕ್ಕೇ. ಗದ್ದಲ ಎರಡಕ್ಕೂ ಸಮನಾಗಿ ಸೇರಲಿ ಅಂತ.

ಪಿನ್ 2 ಹಾಟ್ ಅನ್ನುವುದು ಮೊದಲಿನಿಂದಲೂ ಎಲ್ಲರೂ ಒಪ್ಪಿದ್ದ ವಿಷಯ ಅಲ್ಲ. ಹಳೆಯ ಕೆಲವು ಉಪಕರಣಗಳಲ್ಲಿ ಪಿನ್ 3 ಹಾಟ್ ಇತ್ತು. ಆಡಿಯೋ ಎಂಜಿನಿಯರಿಂಗ್ ಸೊಸೈಟಿ 1992ರಲ್ಲಿ ತನ್ನ ಮಾನದಂಡದಲ್ಲಿ ಪಿನ್ 2 ಹಾಟ್ ಅಂತ ಬರೆದಿಟ್ಟಿತು. ಹಳೆಯ ಮಿಕ್ಸರ್ ಅಥವಾ ಹಳೆಯ ಮೈಕ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ಇದೊಂದನ್ನು ಮೊದಲು ನೋಡಿ.

ಪಿನ್ ನಂಬರ್ ಗುರುತಿಸುವುದು ಹೇಗೆ? ಯಾವ ತುದಿ ಎಲ್ಲಿಗೆ?

ಕನೆಕ್ಟರ್ ಒಳಗಿನ ಪ್ಲಾಸ್ಟಿಕ್ ಮೇಲೆ ಪ್ರತಿ ಪಿನ್ ಪಕ್ಕ 1, 2, 3 ಅಂತ ಸಣ್ಣಗೆ ಕೊರೆದಿರುತ್ತಾರೆ. ಮೊಬೈಲ್ ಟಾರ್ಚ್ ಹಿಡಿದು ಓರೆ ಮಾಡಿ ನೋಡಿದರೆ ಕಾಣುತ್ತದೆ. ಚಿತ್ರ ನೋಡಿಕೊಂಡು ಸೋಲ್ಡರ್ ಮಾಡಬೇಡಿ. ಮುಂದಿನಿಂದ ನೋಡಿದಾಗಿನ ಜೋಡಣೆ ಹಿಂದಿನಿಂದ ನೋಡುವಾಗ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಮೇಲ್ (ಪಿನ್ ಇರುವುದು) ಮತ್ತು ಫೀಮೇಲ್ (ತೂತು ಇರುವುದು) ಕನೆಕ್ಟರ್‌ನದ್ದೂ ಒಂದಕ್ಕೊಂದು ಉಲ್ಟಾ. ಕೊರೆದಿರುವ ನಂಬರನ್ನೇ ನಂಬಿ.

ಮೈಕ್‌ಗೆ ಫೀಮೇಲ್ ತುದಿ, ಮಿಕ್ಸರ್ ಅಥವಾ ರೆಕಾರ್ಡರ್‌ಗೆ ಮೇಲ್ ತುದಿ. ಸಿಗ್ನಲ್ ಹೋಗುವ ದಿಕ್ಕಿಗೇ ಪಿನ್‌ಗಳು ಮುಖ ಮಾಡಿರುತ್ತವೆ. ಕೇಬಲ್ ಹಾಸುವಾಗ ಇದು ನೆನಪಿದ್ದರೆ ಕೊನೆಗೆ ಎಳೆದು ತಿರುಗಿಸುವ ಕೆಲಸ ತಪ್ಪುತ್ತದೆ.

ಒಂದು ಕೇಬಲ್‌ನಲ್ಲಿ 2 ಮತ್ತು 3 ಅದಲು ಬದಲಾದರೆ ಏನಾಗುತ್ತದೆ? ಸದ್ದು ಬರುತ್ತದಲ್ಲ?

ಬರುತ್ತದೆ. ಅದೇ ಕಷ್ಟ. ಆ ಮೈಕ್ ಒಂದನ್ನೇ ಕೇಳಿದರೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನ್ನೂ ಕೂಡಿಸಿ ಕೇಳಿದಾಗ ತೊಂದರೆ ಶುರು. ಉಯ್ಯಾಲೆಯನ್ನು ಒಬ್ಬರು ಮುಂದಕ್ಕೆ ತಳ್ಳುವಾಗ ಇನ್ನೊಬ್ಬರು ಹಿಂದಕ್ಕೆ ಎಳೆದ ಹಾಗೆ, ಎಡದ ಸ್ಪೀಕರ್ ಮುಂದಕ್ಕೆ ತಳ್ಳುವ ಹೊತ್ತಿಗೆ ಬಲದ್ದು ಹಿಂದಕ್ಕೆ ಎಳೆಯುತ್ತದೆ.

ಒಂದು ತಾಳಮದ್ದಳೆ ಅಂದುಕೊಳ್ಳಿ. ನಡುವೆ ಭಾಗವತರು, ಪಕ್ಕದಲ್ಲಿ ಮದ್ದಳೆ, ಚೆಂಡೆ. ಮುಂದೆ ಎದುರು ಬದುರಾಗಿ ಕೂತ ಅರ್ಥಧಾರಿಗಳು. ಸ್ಟೀರಿಯೋದ ಸೊಗಸು ಇಲ್ಲೇ ಇರುವುದು. ಕಣ್ಣು ಮುಚ್ಚಿ ಕೇಳಿದರೂ ಅರ್ಜುನ ಎಡಗಡೆ, ಕೃಷ್ಣ ಬಲಗಡೆ ಅಂತ ಗೊತ್ತಾಗಬೇಕು. ಭಾಗವತರ ಪದ ನಡುವಿನಿಂದ ಬರಬೇಕು. ಒಂದು ಕೇಬಲ್ ಉಲ್ಟಾ ಇದ್ದರೆ ಹೆಡ್‌ಫೋನ್‌ನಲ್ಲಿ ನಡುವೆ ಒಂದು ತೂತು ಬಿದ್ದ ಹಾಗಿರುತ್ತದೆ. ಭಾಗವತರ ದನಿ ಎದುರಿನಿಂದ ಬರುವ ಬದಲು ತಲೆಯ ಎರಡೂ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಮದ್ದಳೆಯ ತುಂಬು ನಾದ ಸೊರಗುತ್ತದೆ. ಇದನ್ನೇ ಒಂದೇ ಸ್ಪೀಕರ್ ಇರುವ ಮೊಬೈಲ್‌ನಲ್ಲೋ ಒಂಟಿ ಬ್ಲೂಟೂತ್ ಸ್ಪೀಕರ್‌ನಲ್ಲೋ ಹಾಕಿದರೆ ಇನ್ನೂ ಕೆಟ್ಟದು. ಅಲ್ಲಿ ಎಡ ಬಲ ಎರಡೂ ಕೂಡಿ ಒಂದಾಗುತ್ತವೆ. ನಡುವಿನಲ್ಲಿದ್ದದ್ದೆಲ್ಲ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಪಕ್ಕದ ಚೆಂಡೆ ಕೇಳುತ್ತದೆ, ಭಾಗವತರು ಮಾಯ.

ರೆಕಾರ್ಡ್ ಆಗಿಹೋಗಿದೆ. ಈಗ ಸರಿಮಾಡಬಹುದಾ?

ಈ ತಪ್ಪನ್ನು ಪೂರ್ತಿ ಸರಿಮಾಡಬಹುದು. ಏನೂ ನಷ್ಟ ಆಗಿರುವುದಿಲ್ಲ. ಆಡಾಸಿಟಿಯಂಥ ಸಾಫ್ಟ್‌ವೇರ್‌ನಲ್ಲಿ ಸ್ಟೀರಿಯೋ ಟ್ರ್ಯಾಕ್ ಅನ್ನು ಎರಡಾಗಿ ಬೇರೆ ಮಾಡಿ, ಒಂದನ್ನು ಮಾತ್ರ ಆರಿಸಿ 'ಇನ್ವರ್ಟ್' (ಉಲ್ಟಾ ಮಾಡುವ ಆಯ್ಕೆ) ಕೊಡಿ. ಮತ್ತೆ ಜೋಡಿಸಿ. ನಡುವಿನ ದನಿ ಅಲ್ಲೇ ಬಂದು ಕೂರುತ್ತದೆ. ಯಾವುದನ್ನು ತಿರುಗಿಸಿದರೂ ಆಗುತ್ತದೆ. ಹಳೆಯ ರೆಕಾರ್ಡಿಂಗ್‌ಗಳು ನಿಮ್ಮಲ್ಲಿದ್ದರೆ ಒಮ್ಮೆ ಮೋನೋದಲ್ಲಿ, ಅಂದರೆ ಎಡ ಬಲ ಎರಡನ್ನೂ ಕೂಡಿಸಿ ಒಂದು ಮಾಡಿ, ಕೇಳಿ ನೋಡಿ. ಗಾಯನ ತೆಳುವಾದರೆ ಅಥವಾ ಮಾಯವಾದರೆ ಹೀಗೆ ಮಾಡಿ ನೋಡುವುದು ಒಳ್ಳೆಯದು.

ಎಡದ ಕೇಬಲ್ 5 ಮೀಟರ್, ಬಲದ್ದು 15 ಮೀಟರ್. ಬಲದ ಸದ್ದು ತಡವಾಗಿ ಬರುವುದಿಲ್ವಾ?

ಇಲ್ಲ. ಇದನ್ನು ತುಂಬ ಜನ ಕೇಳುತ್ತಾರೆ. ಕೇಬಲ್‌ನಲ್ಲಿ ಸಿಗ್ನಲ್ ಬೆಳಕಿನ ವೇಗದ ಸುಮಾರು ಮೂರನೇ ಎರಡು ಪಾಲು ವೇಗದಲ್ಲಿ ಹೋಗುತ್ತದೆ. 10 ಮೀಟರ್ ಜಾಸ್ತಿ ಕೇಬಲ್ ಅಂದರೆ ಸುಮಾರು 50 ನ್ಯಾನೋಸೆಕೆಂಡ್ ತಡ. ಅಷ್ಟು ಹೊತ್ತಲ್ಲಿ ಗಾಳಿಯಲ್ಲಿ ಸದ್ದು ಮುಂದೆ ಹೋಗುವುದು ಒಂದು ಮಿಲಿಮೀಟರ್‌ನ ಐವತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಸ್ಟ್ಯಾಂಡ್ ಮೇಲೆ ಮೈಕ್ ಒಂದು ಸೆಂಟಿಮೀಟರ್ ಅತ್ತಿತ್ತ ಆದರೆ ಆಗುವ ವ್ಯತ್ಯಾಸ ಇದರ ನೂರಾರು ಪಟ್ಟು ದೊಡ್ಡದು. ಅಳತೆ ಪಟ್ಟಿ ಹಿಡಿಯುವುದಾದರೆ ಮೈಕ್‌ಗಳ ನಡುವೆ ಹಿಡಿಯಿರಿ.

ಯಾವ ಕೇಬಲ್ ತಗೊಳ್ಳಲಿ? ದುಬಾರಿಯದ್ದು ಬೇಕಾ?

ಬೇಕಿರುವುದು ಮೂರು: ಚೆನ್ನಾಗಿ ಮುಚ್ಚುವ ಹೆಣೆದ ಜಾಲರಿ, ಬಗ್ಗುವ ಮೆತ್ತನೆ ಹೊದಿಕೆ, ಗಟ್ಟಿ ಕನೆಕ್ಟರ್. ಗೋಡೆಯೊಳಗೆ ಹಾಕುವ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಜಾಲರಿಯ ಬದಲು ಬರೀ ಅಲ್ಯೂಮಿನಿಯಂ ಹಾಳೆ ಇರುತ್ತದೆ. ಪದೇ ಪದೇ ಸುತ್ತಿ ಬಿಚ್ಚಿದರೆ ಹಾಳೆ ಹರಿದುಹೋಗುತ್ತದೆ. ಹೊತ್ತುಕೊಂಡು ಓಡಾಡುವ ಕೆಲಸಕ್ಕೆ ಅದು ಬೇಡ.

ಸ್ಟಾರ್ ಕ್ವಾಡ್ ಅನ್ನುವ ಬಗೆಯಲ್ಲಿ ಎರಡರ ಬದಲು ನಾಲ್ಕು ವೈರ್ ಇರುತ್ತವೆ. ಕನಾರೆಯ ಎಲ್-4ಇ6ಎಸ್ ಇದರಲ್ಲಿ ಹೆಸರುವಾಸಿ. ಎದುರು ಬದುರಿನ ವೈರ್‌ಗಳನ್ನು ಜೋಡಿ ಮಾಡಬೇಕು: ಎರಡು ಬಿಳಿ ಸೇರಿಸಿ ಪಿನ್ 2ಕ್ಕೆ, ಎರಡು ನೀಲಿ ಸೇರಿಸಿ ಪಿನ್ 3ಕ್ಕೆ. ಕರೆಂಟ್ ವೈರ್, ಟ್ರಾನ್ಸ್‌ಫಾರ್ಮರ್, ಲೈಟ್ ಡಿಮ್ಮರ್ ಹತ್ತಿರ ಕೇಬಲ್ ಎಳೆಯಬೇಕಾದಲ್ಲಿ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಒಂದು ತುದಿಯಲ್ಲಿ ಮಾತ್ರ ಒಂದು ಬಿಳಿ ಒಂದು ನೀಲಿ ಅಂತ ಬೆರೆಸಿದರೆ ಹಾಟ್ ಮತ್ತು ಕೋಲ್ಡ್ ಶಾರ್ಟ್ ಆಗಿ ಸದ್ದೇ ಬರುವುದಿಲ್ಲ. ಕೊಂಡ ಕೇಬಲ್‌ನ ಬಣ್ಣ ಬೇರೆ ಇದ್ದರೆ ಚಿಂತೆ ಬೇಡ. ಎರಡೂ ತುದಿಯಲ್ಲಿ, ಎರಡೂ ಕೇಬಲ್‌ನಲ್ಲಿ ಒಂದೇ ಕ್ರಮ ಇರಲಿ.

ಉದ್ದದ ಚಿಂತೆ ಬ್ಯಾಲೆನ್ಸ್ಡ್ ಕೇಬಲ್‌ಗೆ ಇಲ್ಲ. ಮೈಕ್‌ನ ಇಂಪೀಡೆನ್ಸ್ 200 ಓಮ್, ಕೇಬಲ್‌ನ ಕೆಪಾಸಿಟೆನ್ಸ್ ಮೀಟರ್‌ಗೆ 100 ಪಿಕೋಫ್ಯಾರಡ್ ಅಂತ ಲೆಕ್ಕ ಹಾಕಿದರೆ, 100 ಮೀಟರ್ ಎಳೆದರೂ ಹಾದುಹೋಗುವ ಸದ್ದಿನ ಮೇಲಿನ ಮಿತಿ ಸುಮಾರು 80 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ನಮ್ಮ ಕಿವಿಯ ಮಿತಿ 20 ಕಿಲೋಹರ್ಟ್ಸ್. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಮೀಟರ್ ಲೆಕ್ಕದಲ್ಲಿ ಕೇಬಲ್ ಕೊಯ್ಸಿಕೊಂಡು, ನ್ಯೂಟ್ರಿಕ್ ಅಥವಾ ಆಂಫಿನಾಲ್ ಕನೆಕ್ಟರ್ ಕೊಂಡು ಮನೆಯಲ್ಲೇ ಮಾಡಿಕೊಳ್ಳುವುದೇ ನನಗೆ ಇಷ್ಟ. ಒಳಗೆ ಏನಿದೆ ಅಂತ ನಿಮಗೆ ಗೊತ್ತಿರುತ್ತದೆ. ಕೆಟ್ಟರೆ ಬಿಚ್ಚಿ ಸರಿಮಾಡಬಹುದು.

ನನ್ನ ರೆಕಾರ್ಡರ್‌ನಲ್ಲಿ ಒಂದೇ ಒಂದು 3.5 ಮಿಲಿಮೀಟರ್ ಸಾಕೆಟ್ ಇದೆ. ಎರಡು ಎಕ್ಸ್‌ಎಲ್‌ಆರ್ ಮೈಕ್ ಹಾಕೋದು ಹೇಗೆ?

ಝೂಮ್ ಎಚ್1ಎನ್ ಥರದ ಸಣ್ಣ ರೆಕಾರ್ಡರ್‌ಗಳಲ್ಲಿ ಹೀಗೇ. ಆ ಸಾಕೆಟ್ ಸ್ಟೀರಿಯೋ, ಆದರೆ ಬ್ಯಾಲೆನ್ಸ್ಡ್ ಅಲ್ಲ. ಪ್ಲಗ್‌ನ ತುದಿ ಎಡ, ನಡುವಿನ ಉಂಗುರ ಬಲ, ಬುಡದ ಭಾಗ ಗ್ರೌಂಡ್. ಇಂಗ್ಲಿಷಿನ ಟಿಪ್, ರಿಂಗ್, ಸ್ಲೀವ್ ಅನ್ನೋದೇ ಅಂಗಡಿಯಲ್ಲೂ ನಡೆಯುವ ಹೆಸರು.

ಜೋಡಣೆ ಹೀಗೆ: ಎಡದ ಮೈಕ್‌ನ ಪಿನ್ 2 ಟಿಪ್‌ಗೆ. ಬಲದ ಮೈಕ್‌ನ ಪಿನ್ 2 ರಿಂಗ್‌ಗೆ. ಎರಡೂ ಮೈಕ್‌ಗಳ ಪಿನ್ 1 ಮತ್ತು ಪಿನ್ 3 ಒಟ್ಟಿಗೆ ಸ್ಲೀವ್‌ಗೆ. ಹೀಗೆ ಮಾಡಿದಾಗ ಬ್ಯಾಲೆನ್ಸ್ಡ್‌ನ ಲಾಭ ಹೋಗುತ್ತದೆ, ಹಾಗಾಗಿ ಕೇಬಲ್ ಎರಡು ಮೂರು ಮೀಟರ್ ಒಳಗೇ ಇರಲಿ.

ಇಲ್ಲಿ ಇನ್ನೊಂದು ಗಮನಿಸಬೇಕು. ಇಂಥ ಸಾಕೆಟ್‌ಗಳಲ್ಲಿ ಸಣ್ಣ ಮೈಕ್‌ಗಳಿಗೆ ಅಂತ ಎರಡು ಮೂರು ವೋಲ್ಟ್ ಡಿಸಿ ಇರುತ್ತದೆ, ಪ್ಲಗ್-ಇನ್ ಪವರ್ ಅಂತ ಹೆಸರು. ಡೈನಮಿಕ್ ಮೈಕ್ (ಕರೆಂಟ್ ಬೇಡದ ಮಾಮೂಲಿ ಮೈಕ್) ಹಾಕುವುದಾದರೆ ಮೆನುವಿನಲ್ಲಿ ಅದನ್ನು ಆಫ್ ಮಾಡಿ. ಆಫ್ ಮಾಡೋಕೆ ಆಗದಿದ್ದರೆ ಪ್ರತಿ ಚಾನೆಲ್‌ನ ಹಾಟ್ ವೈರ್‌ನಲ್ಲಿ ಒಂದೊಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಹಾಕಿ, ಅದರ ಪ್ಲಸ್ ಕಾಲು ರೆಕಾರ್ಡರ್ ಕಡೆಗೆ. ಇನ್‌ಪುಟ್ 2 ಕಿಲೋಓಮ್ ಇದ್ದರೆ ಇದು 8 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಮಾತ್ರ ತಡೆಯುತ್ತದೆ, ಅಂದರೆ ಸಂಗೀತಕ್ಕೆ ಏನೂ ಧಕ್ಕೆ ಇಲ್ಲ. ಎರಡೂ ಚಾನೆಲ್‌ಗೆ ಒಂದೇ ಬೆಲೆಯ ಕೆಪಾಸಿಟರ್ ಹಾಕಿ.

ಕಂಡೆನ್ಸರ್ ಮೈಕ್ ಆದರೆ ಈ ಕೇಬಲ್‌ನಿಂದ ಕೆಲಸ ಆಗದು. ಅದರೊಳಗಿನ ಸರ್ಕ್ಯೂಟ್‌ಗೆ ಕರೆಂಟ್ ಬೇಕು, ಸಾಮಾನ್ಯವಾಗಿ 48 ವೋಲ್ಟ್. ಆಗ ಎರಡು ಎಕ್ಸ್‌ಎಲ್‌ಆರ್ ಇನ್‌ಪುಟ್ ಇರುವ ರೆಕಾರ್ಡರ್ ಕೊಳ್ಳುವುದೇ ಸರಿ. ಝೂಮ್ ಎಚ್5, ಟ್ಯಾಸ್ಕಾಂ ಡಿಆರ್-40ಎಕ್ಸ್ ಇಂಥವು. ಲ್ಯಾಪ್‌ಟಾಪ್ ಇದ್ದರೆ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ ಇಂಟರ್‌ಫೇಸ್ (ಮೈಕ್‌ಗಳನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ) ಆಗುತ್ತದೆ.

ರೆಡಿಮೇಡ್ ಎಕ್ಸ್‌ಎಲ್‌ಆರ್–3.5 ಕೇಬಲ್ ತಂದು ಒಂದು ಮೈಕ್ ಹಾಕಿದೆ. ಹೆಡ್‌ಫೋನ್‌ನಲ್ಲಿ ಕೇಳುತ್ತದೆ, ಮೊಬೈಲ್ ಸ್ಪೀಕರ್‌ನಲ್ಲಿ ದನಿಯೇ ಇಲ್ಲ!

ಕೇಬಲ್ ಕೆಟ್ಟಿಲ್ಲ. ನಿಮ್ಮ ಕೆಲಸಕ್ಕೆ ಬೇಕಾದ ಕೇಬಲ್ ಅದಲ್ಲ, ಅಷ್ಟೇ. ಅದರಲ್ಲಿ ಪಿನ್ 2 ಟಿಪ್‌ಗೆ, ಪಿನ್ 3 ರಿಂಗ್‌ಗೆ, ಪಿನ್ 1 ಸ್ಲೀವ್‌ಗೆ ಹೋಗಿರುತ್ತದೆ. ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಅದು ಸರಿ. ಆದರೆ ಸ್ಟೀರಿಯೋ ಸಾಕೆಟ್‌ಗೆ ಚುಚ್ಚಿದರೆ ಹಾಟ್ ಎಡಕ್ಕೂ ಕೋಲ್ಡ್ ಬಲಕ್ಕೂ ಹೋಗುತ್ತದೆ. ಎಡ ಬಲ ಎರಡೂ ಒಂದೇ ಸದ್ದು, ಆದರೆ ಒಂದಕ್ಕೊಂದು ಉಲ್ಟಾ. ಮೋನೋದಲ್ಲಿ ಕೂಡಿದಾಗ ಎರಡೂ ಸೇರಿ ಸೊನ್ನೆ. ಹೆಡ್‌ಫೋನ್‌ನಲ್ಲಿ ಕೇಳಿ ಸರಿಯಿದೆ ಅಂತ ಅಪ್‌ಲೋಡ್ ಮಾಡಿರುತ್ತಾರೆ, ಮೊಬೈಲ್‌ನಲ್ಲಿ ಕೇಳಿದವರಿಗೆ ಬರೀ ತುಟಿ ಆಡಿದ್ದು ಕಾಣುತ್ತದೆ.

ಆಗಿರುವ ರೆಕಾರ್ಡಿಂಗ್‌ಗೆ ಮದ್ದು ಸುಲಭ: ಬಲದ ಚಾನೆಲ್ ಬಿಸಾಕಿ, ಎಡದ್ದನ್ನೇ ಎರಡೂ ಕಡೆಗೆ ಹಾಕಿ. ಮುಂದಕ್ಕೆ ಒಂದು ಮೈಕ್‌ಗೆ ಬೇಕಾದ ಕೇಬಲ್ ಹೀಗಿರಲಿ: ಪಿನ್ 2 ಟಿಪ್ ಮತ್ತು ರಿಂಗ್ ಎರಡಕ್ಕೂ, ಪಿನ್ 1 ಮತ್ತು 3 ಸ್ಲೀವ್‌ಗೆ. ಎರಡೂ ಬಗೆಯ ಕೇಬಲ್ ಹೊರಗಿನಿಂದ ನೋಡೋಕೆ ಒಂದೇ ಥರ. ಹಾಗಾಗಿ ಕೊಂಡ ತಕ್ಷಣ ಮಲ್ಟಿಮೀಟರ್ ಹಿಡಿದು ಪಿನ್ 3 ಎಲ್ಲಿಗೆ ಹೋಗಿದೆ ನೋಡಿ, ಒಂದು ಚೀಟಿ ಅಂಟಿಸಿಬಿಡಿ.

ಫ್ಯಾಂಟಮ್ ಪವರ್ ಅಂದರೆ ಏನು? ಡೈನಮಿಕ್ ಮೈಕ್‌ಗೆ ಹೋದರೆ ಸುಟ್ಟುಹೋಗುತ್ತಾ?

ಕಂಡೆನ್ಸರ್ ಮೈಕ್‌ಗೆ ಅದೇ ಕೇಬಲ್ ಮೂಲಕ ಕೊಡುವ 48 ವೋಲ್ಟ್. ಪಿನ್ 2ಕ್ಕೂ 3ಕ್ಕೂ ತಲಾ 6.8 ಕಿಲೋಓಮ್ ರೆಸಿಸ್ಟರ್ ಮೂಲಕ ಒಂದೇ ವೋಲ್ಟೇಜ್ ಹೋಗುತ್ತದೆ, ಪಿನ್ 1ರಿಂದ ವಾಪಸ್ ಬರುತ್ತದೆ. 48 ಅನ್ನುವ ಅಂಕಿಗೆ ಒಂದು ಕತೆ ಇದೆ. 1966ರಲ್ಲಿ ನಾಯ್ಮನ್ ಕಂಪನಿಯವರು ನಾರ್ವೆಯ ಬಾನುಲಿ ಸಂಸ್ಥೆಗೆ ಹೊಸ ಟ್ರಾನ್ಸಿಸ್ಟರ್ ಮೈಕ್ ಮಾಡಿಕೊಡುವಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಕ್ಕೆ ಅಂತ 48 ವೋಲ್ಟ್ ಆಗಲೇ ಇತ್ತು. ಅದನ್ನೇ ಬಳಸಿಕೊಂಡರು. ಅದೇ ಇಂದಿಗೂ ನಡೆಯುತ್ತಿದೆ.

2 ಮತ್ತು 3ರ ನಡುವೆ ವ್ಯತ್ಯಾಸ ಸೊನ್ನೆ ಆದ್ದರಿಂದ, ಸರಿಯಾದ ಬ್ಯಾಲೆನ್ಸ್ಡ್ ಕೇಬಲ್‌ನಲ್ಲಿರುವ ಡೈನಮಿಕ್ ಮೈಕ್‌ಗೆ ಏನೂ ಆಗುವುದಿಲ್ಲ. ಕೇಬಲ್‌ನಲ್ಲಿ ಒಂದು ವೈರ್ ಶಾರ್ಟ್ ಆಗಿದ್ದರೆ ಲೆಕ್ಕ ತಪ್ಪುತ್ತದೆ, ಆಗ ರಿಬ್ಬನ್ ಮೈಕ್‌ನ ತೆಳು ಪಟ್ಟಿಗೆ ಅಪಾಯ. ರಿಬ್ಬನ್ ಇದ್ದರೆ ಫ್ಯಾಂಟಮ್ ಆಫ್ ಮಾಡಿಯೇ ಹಾಕಿ. ಕೆಲವು ಇಂಟರ್‌ಫೇಸ್‌ಗಳಲ್ಲಿ ಒಂದೇ ಗುಂಡಿ ಎರಡೂ ಇನ್‌ಪುಟ್‌ಗೆ ಫ್ಯಾಂಟಮ್ ಕೊಡುತ್ತದೆ ಅನ್ನುವುದು ನೆನಪಿರಲಿ.

ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನ ಹಾಡನ್ನು ಎಕ್ಸ್‌ಎಲ್‌ಆರ್ ಅಡಾಪ್ಟರ್ ಹಾಕಿ ಮೈಕ್ ಇನ್‌ಪುಟ್‌ಗೆ ಕೊಡುತ್ತಾರಲ್ಲ, ಆಗ ಫ್ಯಾಂಟಮ್ ಆನ್ ಇದ್ದರೆ ಆ ವೋಲ್ಟೇಜ್ ಸೀದಾ ಅದರೊಳಗೆ ಹೋಗುತ್ತದೆ. ಮೊದಲು ಆಫ್ ಮಾಡಿ, ಆಮೇಲೆ ಚುಚ್ಚಿ.

ಐದು ಪಿನ್ ಇರುವ ಸ್ಟೀರಿಯೋ ಮೈಕ್ ಸಿಕ್ಕಿದೆ. ವೈರಿಂಗ್ ಏನು?

ಪಿನ್ 1 ಶೀಲ್ಡ್. 2 ಎಡದ ಹಾಟ್, 3 ಎಡದ ಕೋಲ್ಡ್. 4 ಬಲದ ಹಾಟ್, 5 ಬಲದ ಕೋಲ್ಡ್. ರೋಡ್ ಎನ್‌ಟಿ4 ಇಂಥ ಮೈಕ್. ಐದು ಪಿನ್ ಕಡೆಯಿಂದ ಎರಡು ಮೂರು-ಪಿನ್ ಮೇಲ್ ಪ್ಲಗ್‌ಗಳಾಗಿ ಒಡೆಯುವ ಕೇಬಲ್ ಮಾಡಿಕೊಳ್ಳಿ, ಪಿನ್ 1 ಎರಡಕ್ಕೂ ಹೋಗಲಿ. ಸ್ಟೇಜ್ ಲೈಟಿನವರ ಡಿಎಂಎಕ್ಸ್ ಕೇಬಲ್‌ನಲ್ಲೂ ಐದು ಪಿನ್ ಪ್ಲಗ್ ಇರುತ್ತದೆ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಬೇಡ.

ಮಿಡ್-ಸೈಡ್ ವಿಧಾನಕ್ಕೆ ಉಲ್ಟಾ ಕೇಬಲ್ ಬೇಕು ಅಂತಾರೆ. ಹೌದಾ?

ಈಗ ಬೇಕಿಲ್ಲ. ಈ ವಿಧಾನದಲ್ಲಿ ಒಂದು ಮೈಕ್ ನೇರ ಮುಂದಕ್ಕೆ ನೋಡುತ್ತದೆ, ಎರಡೂ ಮುಖದಿಂದ ಸದ್ದು ಹಿಡಿಯುವ (ಫಿಗರ್-8) ಇನ್ನೊಂದು ಮೈಕ್ ಅಡ್ಡಕ್ಕೆ ನೋಡುತ್ತದೆ. ಎರಡನ್ನೂ ಕೂಡಿಸಿದರೆ ಎಡ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬಲ. ಈ ಕಳೆಯುವ ಕೆಲಸಕ್ಕೆ ಹಿಂದೆ 2 ಮತ್ತು 3 ಅದಲು ಬದಲು ಮಾಡಿದ ಕೇಬಲ್ ಬಳಸುತ್ತಿದ್ದರು. ಈಗ ಎರಡನ್ನೂ ಹಾಗೇ ರೆಕಾರ್ಡ್ ಮಾಡಿ, ಮನೆಗೆ ಬಂದು ಸಾಫ್ಟ್‌ವೇರ್‌ನಲ್ಲಿ ಮಾಡಿ. ಅಡ್ಡ ಮೈಕ್‌ನ ಪ್ಲಸ್ ಮುಖ, ಅಂದರೆ ಅದರ ಮುಂಭಾಗ, ಎಡಕ್ಕೆ ಇರಬೇಕು, ಅಷ್ಟೇ. ಉಲ್ಟಾ ಕೇಬಲ್ ಒಂದು ನಿಮ್ಮ ಬ್ಯಾಗ್‌ನಲ್ಲಿದ್ದರೆ ಅದರ ಎರಡೂ ತುದಿಗೆ ಎದ್ದು ಕಾಣುವ ಹಳದಿ ಟೇಪ್ ಸುತ್ತಿ.

ಒಂದೇ ಸ್ಟ್ಯಾಂಡ್ ಮೇಲೆ ಎರಡು ಮೈಕ್ ಇಟ್ಟಾಗ ಕೇಬಲ್ ಹೇಗೆ ಕಟ್ಟಬೇಕು?

ತಾಳಮದ್ದಳೆಗೆ ನನ್ನ ಆಯ್ಕೆ ಓಆರ್‌ಟಿಎಫ್. ಫ್ರೆಂಚ್ ಬಾನುಲಿಯವರ ವಿಧಾನ: ಎರಡು ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವವು), ನಡುವೆ 17 ಸೆಂಟಿಮೀಟರ್, ಹೊರಮುಖವಾಗಿ 110 ಡಿಗ್ರಿ ಕೋನ. ಮೈಕ್‌ನ ಹಿಂದೆ ಪ್ರತಿ ಕೇಬಲ್‌ಗೂ ಅಂಗೈ ಅಗಲದಷ್ಟು ಸಡಿಲ ಕುಣಿಕೆ ಬಿಡಿ, ಆಮೇಲೆ ಸ್ಟ್ಯಾಂಡ್‌ಗೆ ಕಟ್ಟಿ. ಬಿಗಿಯಾಗಿ ಎಳೆದು ಕಟ್ಟಿದರೆ ಮೈಕ್ ನಿಧಾನಕ್ಕೆ ತಿರುಗಿ ಕೋನ ಕೆಡುತ್ತದೆ. ನೆಲದ ಮೇಲೆ ಯಾರಾದರೂ ಕೇಬಲ್ ತುಳಿದರೆ ಆ ಧಡಕ್ ಸದ್ದು ಕೇಬಲ್ ಮೂಲಕವೇ ಮೈಕ್‌ಗೆ ಹತ್ತುತ್ತದೆ. ಸ್ಟ್ಯಾಂಡ್‌ನ ಬುಡದಲ್ಲೂ ಒಂದು ಕಟ್ಟು, ಅಲ್ಲಿಂದ ಚಾಪೆಯ ಅಡಿಯಲ್ಲಿ ಹಾಯಿಸಿ. ಪ್ರೇಕ್ಷಕರ ಎಡ ಯಾವುದೋ ಅದೇ ರೆಕಾರ್ಡಿಂಗ್‌ನ ಎಡ. ಮೈಕ್ ಹಿಂದೆ ನಿಂತು, ವೇದಿಕೆಯ ಕಡೆ ಮುಖ ಮಾಡಿ ತೀರ್ಮಾನಿಸಿ.

ಗುಂಯ್ ಅನ್ನುವ ಸದ್ದು ಹೇಗೆ ತೆಗೆಯೋದು?

ನಮ್ಮ ಕರೆಂಟ್ 50 ಹರ್ಟ್ಸ್. ಗುಂಯ್ ಸದ್ದು 50ರಲ್ಲೂ 100ರಲ್ಲೂ ಬರುತ್ತದೆ. ಸಂಗೀತಕ್ಕೆ ಈ 100 ತುಂಬ ಕಿರಿಕಿರಿ. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ ಇಟ್ಟುಕೊಂಡರೆ ತಂಬೂರಿಯ ಮಂದ್ರ ಪಂಚಮ ಸುಮಾರು 98 ಹರ್ಟ್ಸ್. ಅದರ ಪಕ್ಕ 100 ಹರ್ಟ್ಸ್ ಗುಂಯ್ ಸೇರಿದರೆ ಸೆಕೆಂಡಿಗೆ ಎರಡು ಸಲ ತೊನೆಯುವ ಅಲೆ ಏಳುತ್ತದೆ. ಶ್ರುತಿಯೇ ಕೆಟ್ಟ ಹಾಗೆ ಕೇಳುತ್ತದೆ. ಫಿಲ್ಟರ್ ಹಾಕಿ ತೆಗೆಯಹೋದರೆ ಪಂಚಮವೂ ಹೋಗುತ್ತದೆ. ಬರದ ಹಾಗೆ ನೋಡಿಕೊಳ್ಳುವುದೇ ದಾರಿ.

ಮೊದಲು ರೆಕಾರ್ಡರ್ ಬ್ಯಾಟರಿಯಲ್ಲಿ ಓಡಲಿ. ಚಾರ್ಜರ್ ಕಿತ್ತ ತಕ್ಷಣ ಗುಂಯ್ ನಿಂತರೆ ಕಾರಣ ಸಿಕ್ಕಿತು. ಮೈಕ್ ಕೇಬಲ್ ಕರೆಂಟ್ ವೈರ್ ಜತೆ ಉದ್ದಕ್ಕೂ ಮಲಗಬಾರದು. ದಾಟಲೇಬೇಕಾದರೆ ನೇರ ಅಡ್ಡಕ್ಕೆ ದಾಟಿ. ಉಳಿದ ಕೇಬಲ್ ಸುರುಳಿಯನ್ನು ಇನ್ವರ್ಟರ್, ಆಂಪ್ಲಿಫೈಯರ್, ಡಿಮ್ಮರ್ ಪಕ್ಕ ಇಡಬೇಡಿ. ಒಂದೇ ಚಾನೆಲ್‌ನಲ್ಲಿ ಗುಂಯ್ ಇದ್ದರೆ ಎರಡೂ ಕೇಬಲ್ ಅದಲು ಬದಲು ಮಾಡಿ ನೋಡಿ. ಗುಂಯ್ ಕೇಬಲ್ ಜತೆಗೇ ಆಚೆ ಹೋದರೆ ಆ ಕೇಬಲ್‌ನ ಪಿನ್ 1 ಅಥವಾ ಒಂದು ವೈರ್ ಬಿಟ್ಟಿದೆ ಅಂತ ಅರ್ಥ.

ಒಂದು ಮಾತು ಖಂಡಿತ. ಗುಂಯ್ ನಿಲ್ಲಿಸೋಕೆ ಅಂತ ಕರೆಂಟ್ ಪ್ಲಗ್‌ನ ಅರ್ಥ್ ಪಿನ್ ತೆಗೆಯುವುದು ಬೇಡವೇ ಬೇಡ. ಹಾಡುವವರು ಬಾಯಿ ಹತ್ತಿರ ಹಿಡಿಯುವ ಲೋಹದ ಮೈಕ್ ಅದು. ಒದ್ದೆ ನೆಲ, ಮಳೆಗಾಲ, ಜನರೇಟರ್ ಎಲ್ಲ ಸೇರಿದರೆ ಜೀವಕ್ಕೇ ಅಪಾಯ.

ಮೈಕ್ ಸೆಟ್‌ನವರ ಮಿಕ್ಸರ್‌ನಿಂದಲೂ ಒಂದು ಲೈನ್ ತಗೊಳ್ಳಬಹುದಾ?

ತಗೊಳ್ಳಿ, ಒಳ್ಳೆಯದೇ. ಸ್ಟೀರಿಯೋ ಜೋಡಿ ಎರಡು ಚಾನೆಲ್, ಅವರ ಲೈನ್ ಮೂರನೆಯದು. ನಿಮ್ಮದು ನಾಲ್ಕು ಚಾನೆಲ್ ರೆಕಾರ್ಡರ್ ಆಗಿರಬೇಕು. ಅವರ ಔಟ್‌ಪುಟ್ ಲೈನ್ ಲೆವೆಲ್, ಒಂದು ವೋಲ್ಟ್ ಆಸುಪಾಸು. ಮೈಕ್‌ನದ್ದು ಕೆಲವು ಮಿಲಿವೋಲ್ಟ್. ಲೈನ್ ಇನ್‌ಪುಟ್‌ಗೇ ಹಾಕಿ, ಆ ಚಾನೆಲ್‌ಗೆ ಫ್ಯಾಂಟಮ್ ಬೇಡ. ನಡುವೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ವೈರ್ ಸೇರಿಸದೆ ಸದ್ದನ್ನಷ್ಟೇ ದಾಟಿಸುವುದು) ಇದ್ದರೆ ಅವರ ಗ್ರೌಂಡ್‌ನ ಗುಂಯ್ ನಿಮ್ಮ ಕಡೆ ಬರುವುದಿಲ್ಲ. ನಿಮ್ಮ ಜೋಡಿ ಗಾಯಕರಿಂದ 10 ಮೀಟರ್ ದೂರ ಇದ್ದರೆ ಸದ್ದು ಅಲ್ಲಿಗೆ ತಲುಪೋಕೆ ಸುಮಾರು 29 ಮಿಲಿಸೆಕೆಂಡ್ ಬೇಕು. ಮಿಕ್ಸರ್ ಲೈನ್ ಅದಕ್ಕೂ ಮುಂಚೆ ಬಂದಿರುತ್ತದೆ. ಬೆರೆಸುವಾಗ ಅದನ್ನು ಅಷ್ಟು ತಡವಾಗಿ ಬರುವ ಹಾಗೆ ಸರಿಸಿ.

ಸೋಲ್ಡರ್ ಮಾಡುವುದು ಹೇಗೆ? ಮೊದಲ ಸಲ ಮಾಡ್ತಿದ್ದೀನಿ.

ಮೊದಲು ಕನೆಕ್ಟರ್‌ನ ಹಿಂದಿನ ಮುಚ್ಚಳ ಮತ್ತು ಹಿಡಿಕೆಯನ್ನು ಕೇಬಲ್‌ಗೆ ಪೋಣಿಸಿ. ಇದನ್ನು ಮರೆತರೆ ಸೋಲ್ಡರ್ ಬಿಚ್ಚಿ ಮತ್ತೆ ಶುರುಮಾಡಬೇಕು. ಹೊರ ಹೊದಿಕೆ ಸುಮಾರು 2 ಸೆಂಟಿಮೀಟರ್ ತೆಗೆಯಿರಿ. ಬ್ಲೇಡ್ ಒತ್ತಿ ಕೊಯ್ಯಬೇಡಿ. ಮೆಲ್ಲಗೆ ಸುತ್ತ ಗೀರಿ, ಬಗ್ಗಿಸಿದರೆ ತಾನೇ ಬಿಡುತ್ತದೆ. ಜಾಲರಿ ಬಿಡಿಸಿ ಒಂದು ಎಳೆಯಾಗಿ ಹುರಿ ಮಾಡಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಕೊಳವೆ ಹಾಕಿ. ಒಳ ವೈರ್‌ಗಳ ತುದಿ 4–5 ಮಿಲಿಮೀಟರ್ ಬರಿದು ಮಾಡಿ.

ಟಿನ್ 63, ಸೀಸ 37ರ ಸೋಲ್ಡರ್ 183 ಡಿಗ್ರಿಯಲ್ಲಿ ಕರಗುತ್ತದೆ. ಐರನ್ 330–350 ಡಿಗ್ರಿ ಇರಲಿ. ವೈರ್ ತುದಿಗೂ ಪಿನ್‌ನ ಹಿಂದಿರುವ ಸಣ್ಣ ಬಟ್ಟಲಿಗೂ ಮೊದಲೇ ಸೋಲ್ಡರ್ ಹಿಡಿಸಿ. ಆಮೇಲೆ ಬಟ್ಟಲು ಕಾಯಿಸಿ, ಸೋಲ್ಡರ್ ಕರಗಿದಾಗ ವೈರ್ ಒಳಗಿಟ್ಟು ಐರನ್ ತೆಗೆಯಿರಿ. ಗಟ್ಟಿಯಾಗುವವರೆಗೆ ಕೈ ಅಲುಗಬಾರದು. ಹೊಳೆಯುವ ನುಣುಪು ಜೋಡಣೆ ಸರಿ. ಮಂಕಾಗಿ ಉಂಡೆ ಕಟ್ಟಿದ್ದರೆ ಮತ್ತೆ ಕಾಯಿಸಿ. ಸೋಲ್ಡರ್ ಮಾಡುವ ಹೊತ್ತಿಗೆ ಎದುರಿಗೆ ಇನ್ನೊಂದು ಕನೆಕ್ಟರ್ ಚುಚ್ಚಿಟ್ಟರೆ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ಓರೆ ಆಗುವುದಿಲ್ಲ. ಜಾಲರಿಯ ಒಂದೇ ಒಂದು ಕೂದಲೆಳೆ ಪಿನ್ 2ಕ್ಕೆ ತಾಗಿದರೂ ಫ್ಯಾಂಟಮ್ ಹಾಕಿದಾಗ ಚಟಪಟ ಶುರು. ಮುಚ್ಚುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಕಿಟಕಿ ತೆರೆದಿರಲಿ. ಸೀಸ ಮುಟ್ಟಿದ ಕೈ ತೊಳೆದೇ ಊಟ ಮಾಡಿ.

ಹೊರಡುವ ಮುಂಚೆ ಟೆಸ್ಟ್ ಮಾಡುವುದು ಹೇಗೆ?

ಮಲ್ಟಿಮೀಟರ್ ಅನ್ನು ಬೀಪ್ ಮೋಡ್‌ನಲ್ಲಿಡಿ. 1ರಿಂದ 1ಕ್ಕೆ, 2ರಿಂದ 2ಕ್ಕೆ, 3ರಿಂದ 3ಕ್ಕೆ ಬೀಪ್ ಬರಬೇಕು. 1–2, 2–3, 1–3 ನಡುವೆ ಬೀಪ್ ಬರಬಾರದು. ಬೀಪ್ ಬರುವಾಗಲೇ ಎರಡೂ ತುದಿಯ ಹತ್ತಿರ ಕೇಬಲ್ ಬಗ್ಗಿಸಿ ಅಲ್ಲಾಡಿಸಿ. ಸದ್ದು ತುಂಡಾದರೆ ಲೂಸ್ ಕನೆಕ್ಷನ್. ಫ್ಯಾಂಟಮ್ ಆನ್ ಮಾಡಿ ಮೈಕ್ ಕಡೆಯ ತುದಿಯಲ್ಲಿ ಅಳೆದರೆ 1–2ಕ್ಕೂ 1–3ಕ್ಕೂ 48 ವೋಲ್ಟ್ ಆಸುಪಾಸು (44ರಿಂದ 52 ಆಗುತ್ತದೆ), 2–3ರ ನಡುವೆ ಸೊನ್ನೆ.

ಆಮೇಲೆ ಮೈಕ್ ಹಾಕಿ. ಎರಡನ್ನೂ ತಾಗಿಸುವಷ್ಟು ಹತ್ತಿರ, ಒಂದೇ ದಿಕ್ಕಿಗೆ ಹಿಡಿದು, ಒಂದು ಅಡಿ ದೂರದಿಂದ ಮಾತಾಡಿ ರೆಕಾರ್ಡ್ ಮಾಡಿ. ಮೋನೋ ಮಾಡಿ ಕೇಳಿ. ದನಿ ತುಂಬಿ ಬಂದರೆ ಪೋಲಾರಿಟಿ, ಅಂದರೆ 2 ಮತ್ತು 3ರ ಕ್ರಮ, ಸರಿ. ಸೊರಗಿದರೆ ಒಂದು ಉಲ್ಟಾ. ಆಗ ಒಂದು ಕೇಬಲ್ ಬದಲಿಸಿ ನೋಡಿ. ಮನೆಯಲ್ಲಿ ಇದಕ್ಕೆ ಎರಡು ನಿಮಿಷ ಸಾಕು. ಸಭೆ ತುಂಬಿ, ಚೆಂಡೆ ಪೆಟ್ಟು ಬಿದ್ದ ಮೇಲೆ ಇದನ್ನು ಮಾಡೋಕೆ ಆಗುವುದಿಲ್ಲ.

ಮೊಬೈಲ್‌ನಲ್ಲೇ ಸ್ಟೀರಿಯೋ ಮೈಕ್ ಹಾಕಿ ರೆಕಾರ್ಡ್ ಮಾಡಬಹುದಾ?

ಹೆಡ್‌ಫೋನ್ ಸಾಕೆಟ್‌ನಲ್ಲಿ ಆಗುವುದಿಲ್ಲ. ಅದರ ನಾಲ್ಕು ಭಾಗಗಳಲ್ಲಿ ಎರಡು ಕೇಳುವುದಕ್ಕೆ, ಒಂದು ಗ್ರೌಂಡ್, ಒಂದೇ ಒಂದು ಮೈಕ್‌ಗೆ. ಅಂದರೆ ಮೋನೋ. ಸ್ಟೀರಿಯೋ ಬೇಕಿದ್ದರೆ ಯುಎಸ್‌ಬಿಗೆ ಹಾಕುವ ಎರಡು ಇನ್‌ಪುಟ್‌ನ ಇಂಟರ್‌ಫೇಸ್ ಬೇಕು. ಫೋನ್‌ನ ಬ್ಯಾಟರಿಗೆ ಎರಡು ಕಂಡೆನ್ಸರ್‌ನ ಫ್ಯಾಂಟಮ್ ಭಾರ, ಬೇರೆ ಪವರ್ ಕೊಡುವ ವ್ಯವಸ್ಥೆ ಇರುವುದನ್ನೇ ನೋಡಿ ತಗೊಳ್ಳಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಕರೆ ಬಂದಾಗ ರೆಕಾರ್ಡಿಂಗ್ ನಿಲ್ಲಬಹುದು, ಜತೆಗೆ ಕೇಬಲ್‌ನಲ್ಲಿ ಟರ್‌ರ್ ಸದ್ದೂ ಸೇರಬಹುದು.

ಕೇಬಲ್ ಸುತ್ತಿಡುವುದು ಹೇಗೆ? ಜತೆಗೆ ಏನು ಒಯ್ಯಬೇಕು?

ಮೊಣಕೈಗೆ ಸುತ್ತಬೇಡಿ. ಒಳಗಿನ ಹೆಣಿಗೆ ತಿರುಚಿಕೊಂಡು ಜಾಲರಿ ಬಿಡುತ್ತದೆ. ಒಂದು ಸುತ್ತು ಮೇಲಿನಿಂದ, ಮುಂದಿನ ಸುತ್ತು ಕೆಳಗಿನಿಂದ ಅಂತ ಕೈಯಲ್ಲೇ ಸಡಿಲವಾಗಿ ಸುತ್ತಿ. ಮುಂದಿನ ಸಲ ಎಸೆದರೆ ಗಂಟಿಲ್ಲದೆ ಬಿಚ್ಚಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪಿನ್‌ಗಳು ಬೇಗ ಮಸುಕಾಗುತ್ತವೆ. ಕೇಬಲ್ ಒರೆಸಿ, ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ. ಬ್ಯಾಗ್‌ನಲ್ಲಿ ಒಂದು ಹೆಚ್ಚುವರಿ ಕೇಬಲ್, ಮಲ್ಟಿಮೀಟರ್, ಹೊಸ ಬ್ಯಾಟರಿ, ಬಟ್ಟೆ ಟೇಪ್, ಸಣ್ಣ ಟಾರ್ಚ್ ಇರಲಿ. ಹೆಚ್ಚುವರಿ ಕೇಬಲ್ ಕೂಡ ಆ ಜೋಡಿಯ ಜತೆಗೇ ಮಾಡಿ ಟೆಸ್ಟ್ ಮಾಡಿದ್ದೇ ಆಗಿರಲಿ.